ಹಿಂದಿನವನು ಬಿದ್ದರೆ ತಪ್ಪು ಯಾರದು? ಹದಡಿ ರಸ್ತೆಯ ಗುಂಪು ಸವಾರಿ ಬಗ್ಗೆ ಒಂದು ಜಗಳ

ಕುಂದವಾಡ ಸವಾರ
ದಾವಣಗೆರೆಯಿಂದ ಹದಡಿ, ತ್ಯಾವಣಿಗೆ ಕಡೆ ಭಾನುವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಹೋಗುವ ನಮ್ಮ ಸೈಕಲ್ ಗುಂಪಿನಲ್ಲಿ ಜಗಳ ಎದ್ದಿದೆ. ಹೊರಗಿನವರ ಮಾತು ಕೇಳೋಣ ಅಂತ ಇಲ್ಲಿ ಹಾಕುತ್ತಿದ್ದೇನೆ.

ನಡೆದದ್ದು ಇಷ್ಟು. ಎಲ್ಲರೂ ಒಂದೇ ಸಾಲಿನಲ್ಲಿದ್ದರು. ವೇಗ ಗಂಟೆಗೆ 30 ಕಿ.ಮೀ. ಆಸುಪಾಸು. ರಸ್ತೆಯ ಎಡಭಾಗದಲ್ಲಿ ಗೋವಿನಜೋಳ ಹರವಿದ್ದರು. ಅದರ ಅಂಚಿಗೆ ಎಂದಿನಂತೆ ಕಲ್ಲು ಇಟ್ಟಿದ್ದರು. ಮುಂದಿದ್ದವರು ಕಲ್ಲು ಕಂಡ ಕೂಡಲೇ ಬಲಕ್ಕೆ ಸರಿದರು. ಕೈ ತೋರಿಸಲಿಲ್ಲ, ಕೂಗಲೂ ಇಲ್ಲ. ಎರಡನೆಯವರಿಗೆ ಕಲ್ಲು ಕಂಡದ್ದು ಹತ್ತಿರ ಬಂದ ಮೇಲೆ. ಗಟ್ಟಿಯಾಗಿ ಬ್ರೇಕ್ ಹಿಡಿದರು. ಮೂರನೆಯವರ ಮುಂದಿನ ಚಕ್ರ ಹೋಗಿ ಎರಡನೆಯವರ ಹಿಂದಿನ ಚಕ್ರಕ್ಕೆ ತಾಗಿತು. ಬಿದ್ದದ್ದು ಮೂರನೆಯವರು ಒಬ್ಬರೇ. ಮೊಣಕೈ ತರಚಿದೆ, ಹೆಲ್ಮೆಟ್ ಬಿರುಕು ಬಿಟ್ಟಿದೆ. ಪುಣ್ಯಕ್ಕೆ ಮೂಳೆ ಮುರಿದಿಲ್ಲ.

ಈಗ ಅರ್ಧ ಜನ ಮುಂದಿನವರದ್ದೇ ತಪ್ಪು ಅನ್ನುತ್ತಾರೆ. ಇನ್ನರ್ಧ ಜನ, ಅಷ್ಟು ಹತ್ತಿರ ಹೋದವರದ್ದೇ ತಪ್ಪು ಅನ್ನುತ್ತಾರೆ. ನಾನು ಕೊನೆಯಲ್ಲಿದ್ದೆ. ನನ್ನ ಪ್ರಕಾರ ಮುಂದಿದ್ದವರೇ ಹೊಣೆ.

ಖಾಲಿದೋಸೆ
ನಿಮ್ಮ ಮುಂದಿನ ಚಕ್ರ ನಿಮ್ಮ ಜವಾಬ್ದಾರಿ, ಅಷ್ಟೇ. ಚಕ್ರಕ್ಕೆ ಚಕ್ರ ತಾಗಿದರೆ ಮುಂದಿನವನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಹಿಂದಿನವನು ನೆಲಕ್ಕೆ ಹೋಗುತ್ತಾನೆ. ಬೀಳುವವನು ತಾನೇ ಅಂತ ಗೊತ್ತಿದ್ದೂ ಅಂಟಿಕೊಂಡು ಹೋಗುವುದು ಯಾಕೆ? ಬೈಕು, ಕಾರು ಓಡಿಸುವಾಗಲೂ ಹಿಂದಿನಿಂದ ಗುದ್ದಿದವನದೇ ತಪ್ಪು ಅನ್ನುವುದಿಲ್ಲವೇ?

ಹರಿಹರದ ಮೇಷ್ಟ್ರು
ದೋಸೆಯವರೇ, ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಾರಿನವರು ಗಾಳಿಯ ತಡೆ ತಪ್ಪಿಸಿಕೊಳ್ಳಲು ಅಂಟಿಕೊಂಡು ಹೋಗುವುದಿಲ್ಲ. ಗುಂಪು ಸವಾರಿಯ ಉಪಯೋಗವೇ ಅದು. ಸಮತಟ್ಟು ರಸ್ತೆಯಲ್ಲಿ 30ರ ವೇಗ ದಾಟಿದರೆ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವನ ಮರೆಯಲ್ಲಿ ಹೋದರೆ ಕಾಲು ಭಾಗದಷ್ಟು ಶ್ರಮ ಉಳಿಯಬಹುದು. ದೂರ ಬಿಟ್ಟಷ್ಟೂ ಆ ಲಾಭ ಕಡಿಮೆಯಾಗುತ್ತದೆ.

ಈಗ ಲೆಕ್ಕ ನೋಡಿ. ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು. ಕಣ್ಣು ಕಂಡು, ಬೆರಳು ಬ್ರೇಕ್ ಒತ್ತುವುದಕ್ಕೆ ಅರ್ಧ ಸೆಕೆಂಡ್ ಹಿಡಿದುಕೊಳ್ಳಿ. ಅಷ್ಟರಲ್ಲಿ 4 ಮೀಟರ್ ಹೋಗಿರುತ್ತೀರಿ. ಅಂತರ ಅರ್ಧ ಮೀಟರ್ ಇದ್ದು, ಮುಂದಿನವನು ಗಟ್ಟಿಯಾಗಿ ಬ್ರೇಕ್ ಹಿಡಿದರೆ, ಹಿಂದಿನವನು ಬ್ರೇಕ್ ಮುಟ್ಟುವಷ್ಟರಲ್ಲೇ ಆ ಜಾಗದ ಹೆಚ್ಚಿನ ಪಾಲು ಮುಗಿದಿರುತ್ತದೆ. ಎಷ್ಟೇ ಚುರುಕಾಗಿದ್ದರೂ ಇಷ್ಟೇ. ಅಷ್ಟು ಹತ್ತಿರ ಹೋಗುವವನು ತನ್ನ ಕಣ್ಣನ್ನು ನಂಬಿ ಹೋಗುತ್ತಿಲ್ಲ, ಮುಂದಿನವನ ಕಣ್ಣನ್ನು ನಂಬಿ ಹೋಗುತ್ತಿದ್ದಾನೆ. ಆ ನಂಬಿಕೆ ಉಳಿಸುವುದು ಮುಂದಿನವನ ಕೆಲಸ.

ಹಿಂದಿನವನೇ ಯಾಕೆ ಬೀಳುತ್ತಾನೆ ಅನ್ನುವುದಕ್ಕೂ ಕಾರಣವಿದೆ. ನಾವು ಹ್ಯಾಂಡಲನ್ನು ಸಣ್ಣಗೆ ಅತ್ತಿತ್ತ ತಿರುಗಿಸುತ್ತಲೇ ಸೈಕಲ್ಲನ್ನು ನೆಟ್ಟಗೆ ಇಟ್ಟುಕೊಂಡಿರುತ್ತೇವೆ. ಮುಂದಿನ ಚಕ್ರಕ್ಕೆ ಬದಿಯಿಂದ ತಡೆ ಬಂತು ಅಂದರೆ ಆ ತಿರುಗಿಸಾಟ ನಿಂತಿತು, ಸೈಕಲ್ಲೂ ಬಿತ್ತು.

ಖಾಲಿದೋಸೆ
ಮೇಷ್ಟ್ರೇ, ಲೆಕ್ಕ ಒಪ್ಪಿದೆ. ಆದರೆ ಅದೇ ಲೆಕ್ಕ ನನ್ನ ಪರವೂ ಇದೆ ಅಲ್ವಾ? ಅರ್ಧ ಮೀಟರಿನಲ್ಲಿ ನಿಲ್ಲಿಸಲು ಆಗುವುದಿಲ್ಲ ಅಂತಾದರೆ ಎರಡು ಮೀಟರ್ ಬಿಡಿ. ಇದು ರೇಸಲ್ಲ, ಭಾನುವಾರದ ಪ್ರಾಕ್ಟೀಸು. ಅದೂ ಸುಗ್ಗಿ ಕಾಲದಲ್ಲಿ, ಹಳ್ಳಿ ರಸ್ತೆಯಲ್ಲಿ.

ರಾಶಿ ಮಾಡೋರು
ನಾನು ಸೈಕಲ್ ಗುಂಪಿನವನಲ್ಲ. ಅದೇ ರಸ್ತೆಯ ಬದಿಯ ಊರಿನವನು. ಗೋವಿನಜೋಳ ಹರವುವವರಲ್ಲಿ ನಾನೂ ಒಬ್ಬ. ಇನ್ನೇನು ಕಲ್ಲಿಟ್ಟವರ ಮೇಲೆ ಬರುತ್ತೀರಿ ಅಂತ ಮೊದಲೇ ಬರೆಯುತ್ತಿದ್ದೇನೆ. ತೇವ ಇದ್ದರೆ ಮಾರುಕಟ್ಟೆಯಲ್ಲಿ ರೇಟು ಮುರಿಯುತ್ತಾರೆ. ಎಲ್ಲರಿಗೂ ಸಿಮೆಂಟಿನ ಕಣ ಇಲ್ಲ. ಬಿಸಿಲಿಗೆ ಕಾದ ಡಾಂಬರಿನಷ್ಟು ಬೇಗ ಒಣಗಿಸುವ ಜಾಗ ನಮಗೆ ಬೇರೆ ಸಿಗುವುದಿಲ್ಲ. ರಸ್ತೆ ಒಕ್ಕಣೆ ತಪ್ಪು ಅಂತ ನಮಗೂ ಗೊತ್ತು. ಅಧಿಕಾರಿಗಳೂ ಬಂದು ಹೇಳಿ ಹೋಗುತ್ತಾರೆ.

ಆದರೆ ನೀವೂ ಒಂದು ಕೇಳಿ. ಬೆಳಿಗ್ಗೆ ಆರೂವರೆಗೆ ಹೆಂಗಸರು ಟಾರ್ಪಾಲು ಎತ್ತುತ್ತಿರುತ್ತಾರೆ. ಬೆನ್ನು ರಸ್ತೆ ಕಡೆಗೆ ಇರುತ್ತದೆ. ನಿಮ್ಮ ಸೈಕಲ್ಲಿಗೆ ಸದ್ದೂ ಇಲ್ಲ, ಬೆಲ್ಲೂ ಇಲ್ಲ. ಹತ್ತು ಜನ ಭರ್ ಅಂತ ಪಕ್ಕದಲ್ಲೇ ಹೋಗುತ್ತೀರಿ. ಒಬ್ಬರು ಒಂದು ಹೆಜ್ಜೆ ಹಿಂದಕ್ಕೆ ಇಟ್ಟರೆ ಏನು ಗತಿ?

ಕುಂದವಾಡ ಸವಾರ
ಅಣ್ಣಾ, ನಿಮ್ಮ ಮಾತು ನ್ಯಾಯ. ಬೆಲ್ ಹಾಕಿಸಿದರೆ ಭಾರ ಜಾಸ್ತಿ ಅನ್ನುವವರು ನಮ್ಮಲ್ಲಿದ್ದಾರೆ. ಹೊಟ್ಟೆಯ ಭಾರ ಮಾತ್ರ ಅವರಿಗೆ ಲೆಕ್ಕಕ್ಕಿಲ್ಲ. ಒಂದು ಕೋರಿಕೆ: ರಾಶಿ ಎತ್ತಿದ ಮೇಲೆ ಕಲ್ಲನ್ನೂ ಎತ್ತಿಬಿಡಿ. ಕಾಳು ಮನೆಗೆ ಹೋಗಿ ಕಲ್ಲು ರಸ್ತೆಯಲ್ಲೇ ಉಳಿದರೆ ನಸುಕಿನಲ್ಲಿ ಏನೇನೂ ಕಾಣುವುದಿಲ್ಲ.

ರಾಶಿ ಮಾಡೋರು
ಅದು ಸರಿ. ಬೈಕಿನವರೂ ಅದರಿಂದಲೇ ಬೀಳುತ್ತಾರೆ. ಊರಲ್ಲಿ ಹೇಳುತ್ತೇನೆ. ಇನ್ನೊಂದು ವಿಷಯ, ಕಾಳಿನ ಮೇಲೆ ಮಾತ್ರ ಹತ್ತಿಸಬೇಡಿ. ನಿಮ್ಮ ಸಣ್ಣ ಟೈರು ಅದರ ಮೇಲೆ ನಿಲ್ಲುವುದೂ ಇಲ್ಲ.

ದುರ್ಗದ ಗಾಳಿ
ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಮುಂದೆ, ಹಿಂದೆ ಅಂತ ಮಾತ್ರ ನೋಡುತ್ತಿದ್ದೀರಿ. ಬದಿಯನ್ನು ಮರೆತಿದ್ದೀರಿ. ಅಂತರ ಎಷ್ಟೇ ಇರಲಿ, ನೇರ ಹಿಂದೆ ಇದ್ದರೆ ಒಂದು ಥರ. ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ತೂರಿಕೊಂಡಿದ್ದರೆ ಕಥೆಯೇ ಬೇರೆ. ಅವರು ಒಂದು ಗೇಣು ಸರಿದರೂ ಸಾಕು, ನೀವು ನೆಲದ ಮೇಲೆ. ಬಿದ್ದವರು ನೇರ ಹಿಂದಿದ್ದರೋ, ಪಕ್ಕಕ್ಕೆ ತೂರಿದ್ದರೋ? ಅದನ್ನು ಯಾರೂ ಹೇಳಲಿಲ್ಲ.

ನಮ್ಮ ಕಡೆ ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಆಗ ಜನ ಗಾಳಿಯ ಮರೆ ಹುಡುಕುತ್ತಾ ತಮಗೇ ಗೊತ್ತಿಲ್ಲದಂತೆ ಪಕ್ಕಕ್ಕೆ ತೂರುತ್ತಾರೆ. ನಿಮ್ಮ ಹದಡಿ ರಸ್ತೆಯನ್ನೇ ತೆಗೆದುಕೊಳ್ಳಿ. ದಕ್ಷಿಣಕ್ಕೆ ಹೋಗುವಾಗ ಗಾಳಿ ಬಲಗಡೆಯಿಂದ ಬರುತ್ತದೆ. ಮರೆ ಸಿಗುವುದು ಮುಂದಿನವರ ಎಡಹಿಂಬದಿಯಲ್ಲಿ. ಎಲ್ಲರೂ ಎಡಕ್ಕೆ ಸರಿದು, ಕೊನೆಯವರು ಮಣ್ಣಿಗೆ ಇಳಿಯಬೇಕಾಗುತ್ತದೆ. ವಾಪಸ್ ಬರುವಾಗ ಇನ್ನೂ ಕೆಟ್ಟದು. ಗಾಳಿ ಎಡದಿಂದ, ಮರೆ ಬಲಕ್ಕೆ. ಸಾಲು ಓರೆಯಾಗಿ ರಸ್ತೆಯ ನಡುವಿಗೆ ಬೆಳೆಯುತ್ತದೆ. ಎದುರಿಗೆ ಬಸ್ಸು ಬಂದರೆ? ಟಿವಿಯಲ್ಲಿ ರೇಸಿನವರು ಓರೆ ಸಾಲಿನಲ್ಲಿ ಹೋಗುವುದು ಚೆಂದ ಕಾಣುತ್ತದೆ. ಅವರಿಗೆ ಪೂರ್ತಿ ರಸ್ತೆ ಬಿಟ್ಟುಕೊಟ್ಟಿರುತ್ತಾರೆ. ನಮಗೆ ಒಂದು ಪಕ್ಕವೇ ಸಿಕ್ಕರೆ ಹೆಚ್ಚು. ಅಡ್ಡಗಾಳಿ ದಿನ ಮರೆಯ ಆಸೆ ಬಿಟ್ಟು, ಅಂತರ ಜಾಸ್ತಿ ಮಾಡಿಕೊಂಡು ನೇರ ಸಾಲಿನಲ್ಲಿ ಬನ್ನಿ.

ಕುಂದವಾಡ ಸವಾರ
ಒಳ್ಳೆ ಪ್ರಶ್ನೆ ಕೇಳಿದಿರಿ. ಬಿದ್ದವರನ್ನೇ ಕೇಳಿದೆ. ಸ್ವಲ್ಪ ಬಲಕ್ಕಿದ್ದೆ, ಮುಂದಿನ ರಸ್ತೆ ಕಾಣಲಿ ಅಂತ, ಅಂದರು.

ಖಾಲಿದೋಸೆ
ನೋಡಿದಿರಾ!

ನಿಧಾನವೇ ಪ್ರಧಾನ
ಖಾಲಿದೋಸೆ ಅಣ್ಣ, ಸ್ವಲ್ಪ ತಡೀರಿ. ಅವರು ಪಕ್ಕಕ್ಕೆ ಇಣುಕಿದ್ದು ಯಾಕೆ? ಮುಂದಿನವರು ಏನೂ ಹೇಳುವುದಿಲ್ಲ ಅಂತ ಅನುಭವದಿಂದ ಗೊತ್ತಿತ್ತು, ಅದಕ್ಕೆ. ನನಗೂ ಹೀಗೇ ಆಗಿದೆ. ಹೊಸದಾಗಿ ಸೇರಿದವರಿಗೆ ನಿಯಮ ಹೇಳಿಕೊಡುವವರು ಇಲ್ಲ, ಬೈಯುವವರು ಮಾತ್ರ ಬೇಕಾದಷ್ಟು. ನಾನು ಸೇರಿದ ಹೊಸತರಲ್ಲಿ ಏರಿನಲ್ಲಿ ಎದ್ದು ನಿಂತು ತುಳಿದಿದ್ದಕ್ಕೆ ಹಿಂದಿನಿಂದ ಒಬ್ಬರು ಕಿರುಚಿದರು. ಎದ್ದು ನಿಲ್ಲುವ ಗಳಿಗೆಯಲ್ಲಿ ಸೈಕಲ್ ಹಿಂದಕ್ಕೆ ಜಗ್ಗಿದಂತಾಗಿ ಹಿಂದಿನವರ ಚಕ್ರಕ್ಕೆ ಬರುತ್ತದೆ, ಒಂದು ಗೇರ್ ಬದಲಿಸಿ, ಒತ್ತಿ ತುಳಿಯುತ್ತಾ ಏಳಬೇಕು ಅಂತ ಆಮೇಲೆ ತಿಳಿಸಿದ್ದು ಬೇರೆಯವರು. ಕಿರುಚಿದವರಿಗೂ ಇದು ಗೊತ್ತಿತ್ತು ತಾನೇ? ಹೊರಡುವ ಮುಂಚೆ ಎರಡು ನಿಮಿಷ ನಿಂತು ಹೇಳಿದ್ದರೆ ಅವರ ಗಂಟಲೂ ಉಳಿಯುತ್ತಿತ್ತು.

ಕೂಗುವುದರಲ್ಲೂ ಹದ ಬೇಕು. ಪ್ರತಿ ಸಣ್ಣ ಕಲ್ಲಿಗೂ ಕೂಗಿದರೆ ಕೊನೆಗೆ ಯಾರೂ ಕಿವಿಗೊಡುವುದಿಲ್ಲ. ಗುಂಡಿ, ಹಂಪು, ಜಲ್ಲಿ, ನಾಯಿ, ನಿಲ್ಲಿಸುತ್ತಿದ್ದೇನೆ ಅನ್ನುವುದು, ಇಷ್ಟಕ್ಕೆ ಕೂಗಿ. ಕೈ ತೋರಿಸುವುದು ರಸ್ತೆ ಚೆನ್ನಾಗಿದ್ದಾಗ ಮಾತ್ರ. ಗುಂಡಿ ಮೇಲೇ ಇರುವಾಗ ಒಂದು ಕೈ ಬಿಟ್ಟರೆ ತೋರಿಸಿದವರೇ ಬೀಳುತ್ತಾರೆ. ಮುಂದಿನವರ ಕೂಗನ್ನು ನಡುವಿನವರು ಹಿಂದಕ್ಕೆ ದಾಟಿಸಬೇಕು. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಸರಪಳಿ ಅಲ್ಲೇ ಕಡಿಯಿತು.

ಏರೋ ಹುಡುಗ
ನನ್ನ ಹ್ಯಾಂಡಲಿನ ಏರೋಬಾರ್ (ಮೊಣಕೈ ಊರಿ ಬಗ್ಗಿ ಕೂರಲು ಮುಂದಕ್ಕೆ ಚಾಚಿರುವ ಬಾರು) ಬಗ್ಗೆ ಗುಂಪಿನಲ್ಲಿ ಗೊಣಗುತ್ತಾರೆ. ನಾನು ಟ್ರಯಾಥ್ಲಾನಿಗೆ, ಅಂದರೆ ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆಗೆ, ತಯಾರಾಗುತ್ತಿದ್ದೇನೆ. ಪ್ರಾಕ್ಟೀಸು ಮಾಡುವುದು ಇನ್ನೆಲ್ಲಿ?

ಹರಿಹರದ ಮೇಷ್ಟ್ರು
ಒಬ್ಬನೇ ಇರುವಾಗ ಮಾಡಪ್ಪಾ. ಅದರ ಮೇಲೆ ಮೊಣಕೈ ಊರಿದರೆ ಬೆರಳಿನ ಹತ್ತಿರ ಬ್ರೇಕೇ ಇರುವುದಿಲ್ಲ. ಐರನ್‌ಮ್ಯಾನ್ ಥರದ ಟ್ರಯಾಥ್ಲಾನಿನಲ್ಲಿ ಬೇರೆಯವರ ಮರೆಯಲ್ಲಿ ಹೋಗುವುದೇ ನಿಷಿದ್ಧ. ಆ ಬಾರು ಒಂಟಿ ಸವಾರಿಗೆ ಹುಟ್ಟಿದ್ದು. ರೋಡ್ ರೇಸಿನಲ್ಲಿ ಬರೀ ಹ್ಯಾಂಡಲಿನ ಮೇಲೆ ಮುಂಗೈ ಊರಿ ಕೂರುವುದನ್ನೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 2021ರಲ್ಲಿ ನಿಲ್ಲಿಸಿತು. ವೃತ್ತಿಪರರಿಗೇ ಬೇಡ ಅಂದದ್ದು ತ್ಯಾವಣಿಗೆ ರಸ್ತೆಯಲ್ಲಿ ನಿನಗೆ ಯಾಕೆ?

ಏರೋ ಹುಡುಗ
ನಾನು ಸಾಲಿನ ಮುಂದೆ ಇದ್ದಾಗ ಯಾರಿಗೇನು ತೊಂದರೆ ಸರ್? ನನ್ನ ಎದುರು ಯಾರೂ ಇರುವುದಿಲ್ಲವಲ್ಲ.

ಹರಿಹರದ ಮೇಷ್ಟ್ರು
ಮುಂದೆ ಇದ್ದಾಗಲೇ ಜಾಸ್ತಿ ತೊಂದರೆ. ಕೈ ತೋರಿಸುವುದೂ ಕಷ್ಟ, ಬ್ರೇಕೂ ದೂರ, ಹಿಂದೆ ಅಷ್ಟು ಜನ.

ರಾತ್ರಿ ಡ್ಯೂಟಿ
ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ನನ್ನದು. ತಪ್ಪು ಯಾರದ್ದಾದರೂ ಆಗಲಿ, ಆ ಬಿರುಕು ಬಿಟ್ಟ ಹೆಲ್ಮೆಟ್ ಎಸೆದರಾ? ಒಳಗಿನ ಥರ್ಮಾಕೋಲ್ ಒಮ್ಮೆ ಜಜ್ಜಿದರೆ ಮತ್ತೆ ಪೆಟ್ಟು ತಡೆಯುವುದಿಲ್ಲ. ಟೇಪು ಸುತ್ತಿ ಮುಂದಿನ ವಾರ ಹಾಕಿಕೊಂಡು ಬರಬೇಡಿ. ವೃತ್ತಿಪರ ರೇಸಿನವರೇ ಹೆಲ್ಮೆಟ್ ಬೇಡ ಅಂತ ಹಟ ಮಾಡುತ್ತಿದ್ದರು. 2003ರಲ್ಲಿ ಪ್ಯಾರಿಸ್–ನೀಸ್ ರೇಸಿನಲ್ಲಿ ಬಿದ್ದು ಕಝಾಕ್‌ಸ್ತಾನದ ಆಂದ್ರೇ ಕಿವಿಲೆವ್ ತೀರಿಕೊಂಡ ಮೇಲೆ ಕಡ್ಡಾಯವಾಯಿತು.

ಯಾರಾದರೂ ಬಿದ್ದರೆ ಕೂಡಲೇ ಎತ್ತಿ ನಿಲ್ಲಿಸಬೇಡಿ. ಮೊದಲು ಹಿಂದೆ ಬರುವ ವಾಹನಗಳಿಗೆ ಇಬ್ಬರು ಕೈ ಬೀಸಿ ನಿಲ್ಲಿ. ಬಿದ್ದವರು ಮಾತಾಡುತ್ತಾರಾ, ಕತ್ತು ನೋಯುತ್ತದಾ ಕೇಳಿ. ಕತ್ತು ನೋವು ಅಂದರೆ ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ದಾರಿಹೋಕರು ಕೇಸಿಗೆ ಹೆದರಿ ದೂರ ನಿಲ್ಲುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ನೆರವಿಗೆ ಬಂದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದ್ದಾರೆ, ಧೈರ್ಯವಾಗಿ ಹೇಳಿ.

ಖಾಲಿದೋಸೆ
ಹೆಲ್ಮೆಟ್ ದುಡ್ಡು ಯಾರು ಕೊಡಬೇಕು ಅನ್ನುವುದು ಮುಂದಿನ ಜಗಳ ಆಗುತ್ತದೆ ನೋಡಿ.

ಕುಂದವಾಡ ಸವಾರ
ಆಗಲೇ ಆಗಿದೆ. ಗುಂಪಿನವರೇ ಸೇರಿಸಿ ಕೊಟ್ಟಿದ್ದೇವೆ. ಮುಂದಿದ್ದವರೂ ಹಾಕಿದರು, ಗೊಣಗಿಕೊಂಡೇ.

ಮುಂದಿನ ಭಾನುವಾರದಿಂದ ಹೀಗೆ ಅಂತ ಮಾತಾಗಿದೆ. ಸುಗ್ಗಿ ಮುಗಿಯುವವರೆಗೆ ಊರು ಬಂದ ಕಡೆ ವೇಗ ಇಳಿಸಿ, ಒಂದು ಸೈಕಲ್ ಉದ್ದ ಬಿಟ್ಟು ಹೋಗುವುದು. ಮುಂದಿನವರು ಕೂಗದಿದ್ದರೆ ಅವರನ್ನು ಮುಂದಿನಿಂದ ತೆಗೆದು ಕೊನೆಗೆ ಕಳಿಸುವುದು. ಪಕ್ಕಕ್ಕೆ ತೂರಿದವರಿಗೂ ಅದೇ ಶಿಕ್ಷೆ. ಬೆಲ್ ಎಲ್ಲರಿಗೂ. ಏರೋಬಾರಿನ ವಿಷಯ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಹುಡುಗ ಒಪ್ಪುತ್ತಿಲ್ಲ.

ನಿಧಾನವೇ ಪ್ರಧಾನ
ಕೊನೆಗೆ ಕಳಿಸುವುದು ಶಿಕ್ಷೆಯಾ? ನಾನು ಯಾವಾಗಲೂ ಅಲ್ಲೇ ಇರುವುದು. ಏರು ಮುಗಿದ ಕಡೆ ನಿಂತು ಕಾಯುವುದನ್ನೂ ಆ ಪಟ್ಟಿಗೆ ಸೇರಿಸಿ.