ಸಹಾಯ ಬೇಕು: ಆರ್‌ವಿ ಮ್ಯಾಸರೇಟರ್ ಪಂಪ್ ಓಡ್ತಿದೆ, ಟ್ಯಾಂಕ್ ಖಾಲಿ ಆಗ್ತಿಲ್ಲ

ಎಲ್ರಿಗೂ ನಮಸ್ಕಾರ. ನಾವಿರೋದು ಟೆಕ್ಸಾಸ್‌ನಲ್ಲಿ. ಊರಿಂದ ಬಂದಿರೋ ಅಪ್ಪ ಅಮ್ಮನ್ನ ಕರ್ಕೊಂಡು ಆರ್‌ವಿ ಟ್ರೈಲರ್‌ನಲ್ಲಿ (ಒಳಗೇ ಉಳ್ಕೊಳ್ಳೋ ಸೌಕರ್ಯ ಇರೋ ಗಾಡಿ) ನಾಲ್ಕು ದಿನ ಸುತ್ತಾಡ್ಕೊಂಡು ಬಂದ್ವಿ, ಈಗ ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್ ಗಲೀಜು ಸೇರೋ ಟ್ಯಾಂಕ್) ತುಂಬಿ ನಿಂತಿದೆ. ಮನೆ ಸೀವರ್ ಕ್ಲೀನೌಟ್ (ಚರಂಡಿ ಪೈಪಿಗೆ ಹೊರಗಡೆ ಇರೋ ಬಾಯಿ) ಟ್ರೈಲರ್‌ಗಿಂತ 4 ಅಡಿ ಎತ್ತರದಲ್ಲಿ, 50 ಅಡಿ ದೂರ ಇದೆ, ಅದಕ್ಕೇ ಗಲೀಜನ್ನ ಅರೆದು ಹೋಸ್‌ನಲ್ಲಿ ತಳ್ಳೋ 12 ವೋಲ್ಟ್ ಮ್ಯಾಸರೇಟರ್ ಪಂಪ್ ತಗೊಂಡಿದ್ದು.

ಮೊದಲ 2 ನಿಮಿಷ ಚೆನ್ನಾಗೇ ಹೋಯ್ತು, ಆಮೇಲೆ ಹೋಸ್ ಮೆತ್ತಗಾಯ್ತು, ಮೋಟರ್ ಗುಂಯ್ ಅಂತ ತಿರುಗ್ತಾನೇ ಇದೆ ಆದ್ರೆ ಹರಿವೇ ಇಲ್ಲ. ಟ್ಯಾಂಕಿಗೆ ಇನ್ನೂ 5 ಗ್ಯಾಲನ್ ನೀರು ಹಾಕ್ದೆ, ಹೋಸ್ ಬಿಚ್ಚಿ ಹಿಂದಿನಿಂದ ನೀರು ಬಿಟ್ಟು ನೋಡ್ದೆ, ಗ್ರೇ ಟ್ಯಾಂಕ್ (ಸಿಂಕ್, ಸ್ನಾನದ ನೀರು ಸೇರೋದು) ವಾಲ್ವ್ ತೆಗೆದ್ರೂ ಅದೇ ಕಥೆ. ಮೀಟರ್ ಇಟ್ರೆ ಬ್ಯಾಟರಿ ಹತ್ರ 12.4 ವೋಲ್ಟ್ ಇದೆ, ಪಂಪ್ ಹತ್ರ 10.3 ಅಷ್ಟೇ, ಮಧ್ಯೆ 25 ಅಡಿ 14 ಗೇಜ್ ವೈರ್ ಹಾಕಿದೀನಿ. ಇನ್ನೊಂದು, ಶುರುವಲ್ಲಿ ವಾಲ್ವ್ ತೆಗೆಯೋದು ಮರೆತು ಅರ್ಧ ನಿಮಿಷ ಪಂಪ್ ಒಣಗಿದ್ದಾಗ್ಲೇ ಓಡಿತ್ತು, ಒಳಗಿನ ರಬ್ಬರ್ ಇಂಪೆಲ್ಲರ್ (ತಿರುಗಿ ನೀರು ತಳ್ಳೋ ಚಕ್ರ) ಸುಟ್ಟಿರಬಹುದಾ ಅಂತ ಭಯ. ವೈರ್ ಸಣ್ಣದಾಗಿದ್ದೇ ಕಾರಣ ಅಂದ್ರೆ ಮೊದಲ 2 ನಿಮಿಷ ಹೇಗೆ ಓಡ್ತು ಅನ್ನೋದೇ ತಿಳೀತಿಲ್ಲ.

ಪಂಪ್ ಬಿಚ್ಚಿದ್ರೆ ಒಳಗಿರೋ ಗಲೀಜೆಲ್ಲಾ ಡ್ರೈವ್‌ವೇ ಮೇಲೆ ಸುರಿಯತ್ತೆ, ಮನೇಲಿ ವಯಸ್ಸಾದವರು ಬೇರೆ ಇದಾರೆ. ಬಿಚ್ಚದೇನೇ ಇದು ವೋಲ್ಟೇಜ್ ತೊಂದರೆನಾ ಇಂಪೆಲ್ಲರ್ ಹೋಗಿದ್ಯಾ ಅಂತ ಕಂಡುಹಿಡಿಯೋದು ಹೇಗೆ? ಗೊತ್ತಿರೋರು ದಯವಿಟ್ಟು ಹೇಳಿ.