ಕಂಪ್ಯೂಟರ್ ರಿಪೇರಿ ಟೇಬಲ್ ಮೇಲೆ ಏನು ಹಾಕಿಸೋದು?

ಪ್ರಶ್ನೆ (ಮಂಡ್ಯ): ಅಂಗಡಿಗೆ 6 ಅಡಿ ಟೇಬಲ್ ಮಾಡಿಸ್ತಿದ್ದೀನಿ. ಬಡಗಿ ಪ್ಲೈವುಡ್‌ಗೆ ಸನ್‌ಮೈಕಾ ಅಂತಾರೆ, ವೆಲ್ಡಿಂಗ್‌ನವರು ಸ್ಟೀಲ್ ಶೀಟ್ ಅಂತಾರೆ. ಮದರ್‌ಬೋರ್ಡ್ ಕೆಲಸಾನೂ ಇರುತ್ತೆ. ಯಾವುದು ಸರಿ?

ಉತ್ತರ (ಮೈಸೂರು): ಸ್ಟೀಲ್ ಖಂಡಿತ ಬೇಡ ಸರ್. ಬೋರ್ಡನ್ನ ಹೊರಗಿಟ್ಟು ಆನ್ ಮಾಡಿದಾಗ ಹಿಂಬದಿಯ ಬೆಸುಗೆ ತುದಿಗಳು ತಗಡಿಗೆ ತಾಗಿದ್ರೆ ಅಲ್ಲೇ ಶಾರ್ಟ್. 19 ಎಂಎಂ ಪ್ಲೈವುಡ್, ಮೇಲೆ 2 ಎಂಎಂ ಎರಡು ಪದರದ ಇಎಸ್‌ಡಿ ರಬ್ಬರ್ ಮ್ಯಾಟ್ (ಸ್ಟ್ಯಾಟಿಕ್, ಅಂದ್ರೆ ಮೈಮೇಲೆ, ವಸ್ತುಗಳ ಮೇಲೆ ಸೇರಿಕೊಳ್ಳೋ ವಿದ್ಯುತ್ತನ್ನ ಹರಿಸಿಬಿಡೋ ಮ್ಯಾಟ್) ಹಾಕಿಸಿ. ಬರೀ ಸನ್‌ಮೈಕಾದಲ್ಲಿ ಸ್ಟ್ಯಾಟಿಕ್ ಹರಿದುಹೋಗಲ್ಲ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಂತೂ ಕಾಟ ಜಾಸ್ತಿ. ಟೆಸ್ಟ್ ಮಾಡುವಾಗ ಬೋರ್ಡನ್ನ ಅದರದ್ದೇ ರಟ್ಟಿನ ಡಬ್ಬದ ಮೇಲಿಡಿ. ಆಂಟಿಸ್ಟ್ಯಾಟಿಕ್ ಕವರ್ ಮೇಲೆ ಇಡಬೇಡಿ, ಅದರ ಹೊರಮೈ ಕರೆಂಟ್ ಹರಿಸಬಹುದು.

ಉತ್ತರ (ಮಂಡ್ಯ): ಮ್ಯಾಟ್ ಹಾಸಿದ್ರಷ್ಟೇ ಸಾಲದು. ಮೂಲೆಯ ಸ್ನ್ಯಾಪ್ ಬಟನ್‌ಗೆ 1 ಮೆಗಾಓಮ್ ರೆಸಿಸ್ಟರ್ ಇರೋ ವೈರ್ ಹಾಕಿ ಅರ್ತಿಂಗ್‌ಗೆ ಕೊಡಿ, ಕೈಗೆ ಕಟ್ಟಿಕೊಳ್ಳೋ ಅರ್ತಿಂಗ್ ಪಟ್ಟಿ (ರಿಸ್ಟ್ ಸ್ಟ್ರಾಪ್) ಕೂಡ ಅಲ್ಲಿಗೇ. ಅದಕ್ಕೂ ಮೊದಲು ಸಾಕೆಟ್‌ಗೆ ಮಲ್ಟಿಮೀಟರ್ ಹಿಡಿದು ನೋಡಿ: ಫೇಸ್, ಅರ್ತ್ ನಡುವೆ 230 ವೋಲ್ಟ್ ಆಸುಪಾಸು ಬರಬೇಕು, ನ್ಯೂಟ್ರಲ್, ಅರ್ತ್ ನಡುವೆ ಒಂದೆರಡು ವೋಲ್ಟ್. ಎಷ್ಟೋ ಹಳೇ ಮಳಿಗೆಗಳಲ್ಲಿ ಅರ್ತ್ ಪಿನ್ನಿಗೆ ವೈರೇ ಇರಲ್ಲ. ಆಗ ಮ್ಯಾಟ್ ಹಾಕಿಯೂ ಪ್ರಯೋಜನವಿಲ್ಲ, ಎಲೆಕ್ಟ್ರಿಷಿಯನ್‌ನ ಕರೆಸಲೇಬೇಕು.

ಉತ್ತರ (ಮೈಸೂರು): ಬೆಸುಗೆ ಬಿಡಿಸೋ ಬಿಸಿಗಾಳಿ ಯಂತ್ರವನ್ನ (ಹಾಟ್ ಏರ್) 350 ಡಿಗ್ರಿಗೆ ಇಟ್ಟರೆ ರಬ್ಬರ್ ಕಲೆಯಾಗಿ ಉಬ್ಬುತ್ತೆ. ಆ ಜಾಗಕ್ಕೆ ಮಾತ್ರ ಸಿಲಿಕೋನ್ ಮ್ಯಾಟ್ ಇಟ್ಕೊಳ್ಳಿ. ಸಾಮಾನ್ಯ ಸಿಲಿಕೋನ್ ಸ್ಟ್ಯಾಟಿಕ್ ತಡೆಯಲ್ಲ, ಹಾಗಾಗಿ ಇಡೀ ಟೇಬಲ್‌ಗೆ ಅದನ್ನೇ ಹಾಸಬೇಡಿ.