ಅಪ್‌ಡೇಟ್: ರಿವರ್ಸ್ ಹಾಕುವಾಗಿನ ಕರಕರ ಸದ್ದಿಗೆ ಕಾರಣ ಸಿಕ್ಕಿತು
ನನ್ನ ಕಾರಿನಲ್ಲಿ ಎಂಜಿನ್ ಆನ್ ಇದ್ದಾಗ ರಿವರ್ಸ್ ಕರಕರ ಎನ್ನುತ್ತದೆ, ಫಸ್ಟ್ ಗೇರೂ ಬಿಗಿ ಎಂದು ಕೇಳಿದ್ದೆ. ಎಂಜಿನ್ ಆಫ್ ಮಾಡಿ ನೋಡಿದರೆ ಎಲ್ಲ ಗೇರೂ ಸಲೀಸು. ಹಾಗಾಗಿ ಅನುಮಾನ ಗೇರ್‌ಬಾಕ್ಸ್ ಬಿಟ್ಟು ಕ್ಲಚ್ ಕಡೆ ತಿರುಗಿತು: ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿರಲಿಲ್ಲ. ಹಲವು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೊಮೆಶ್ (ಗೇರ್‌ಗಳ ವೇಗ ಹೊಂದಿಸಿ ಸಲೀಸಾಗಿ ಬೀಳುವಂತೆ ಮಾಡುವ ಭಾಗ) ಇರುವುದಿಲ್ಲ, ಸದ್ದು ಮೊದಲು ಅಲ್ಲೇ ಬರುವುದು ಅದಕ್ಕೇ.

ಪೆಡಲ್ ಪಂಪ್ ಮಾಡಿದರೆ ಗೇರ್ ಸುಲಭವಾಗಿ ಬೀಳುತ್ತಿತ್ತು. ಅಂದರೆ ಪೆಡಲಿನ ಒತ್ತಡವನ್ನು ಕ್ಲಚ್‌ಗೆ ಸಾಗಿಸುವ ಹೈಡ್ರಾಲಿಕ್ (ಫ್ಲೂಯಿಡ್) ಲೈನಿನಲ್ಲಿ ಗಾಳಿ. ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಸೀಲ್ ಸೋರುತ್ತಿತ್ತು; ಸಿಲಿಂಡರ್ ಬದಲಿಸಿ ಬ್ಲೀಡ್ ಮಾಡಿದ (ಲೈನಿನ ಗಾಳಿ ಹೊರತೆಗೆದ) ಮೇಲೆ ಸರಿಯಾಯಿತು. ಬ್ಲೀಡ್ ಮಾಡುವಾಗ ಪೆಡಲ್ ಒತ್ತಿ ಹಿಡಿದೇ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಸಡಿಲಿಸಿ. ಮತ್ತೆ ಬಿಗಿ ಮಾಡುವ ಮುನ್ನ ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಕಾರಿನ ಫ್ಲೂಯಿಡ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದ ದರ್ಜೆಯ ಫ್ಲೂಯಿಡ್ (ಡಾಟ್ 3 ಅಥವಾ 4) ಮಾತ್ರ ಹಾಕಿ. ಬಾಡಿ ಮೇಲೆ ಚೆಲ್ಲಿದರೆ ಪೇಂಟ್ ಏಳುತ್ತದೆ, ಜೋಪಾನ! ಕೇಬಲ್ ಕ್ಲಚ್ ಇದ್ದವರು ಮೊದಲು ಪೆಡಲಿನ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುವಾಗುವ ಮುನ್ನ ಪೆಡಲ್ ಸುಮ್ಮನೆ ಇಳಿಯುವ ದೂರ) ನೋಡಿ.